ಗೀರಿಲ್ಲದ ತಗಡು

"ತಗೋ, ಇದನ್ನೂ ಇಟ್ಕೋ. ಮುಂದಿನ ಸಲ ಕದಿಯೋಕೆ ಬರುವಾಗ ನಿನಗೆ ತೊಂದರೆ ಆಗಬಾರದು."

ಔಷಧಿ ಅಂಗಡಿಯವನು ತನ್ನ ಕೀಲಿಗೊಂಚಲನ್ನು ಎಸೆದ ರಭಸಕ್ಕೆ ಅದು ಕೌಂಟರಿನ ಉದ್ದಕ್ಕೂ ಜಾರಿ ಬಂದು ಕಿಡಿಯ ಅಂಗೈ ಪಕ್ಕದಲ್ಲಿ ನಿಂತಿತು. ಬೆಳಿಗ್ಗೆ ಹತ್ತು ಗಂಟೆ. ಬೀಗದ ಅಂಗಡಿಯ ಮೆಟ್ಟಿಲ ಮೇಲೆ ಐದಾರು ಗಿರಾಕಿಗಳು ನಿಂತಿದ್ದರು. ಎದುರಿನ ಕ್ಷೌರದಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ನೊರೆಯ ಸಮೇತ ಎದ್ದು ಬಾಗಿಲಿಗೆ ಬಂದಿದ್ದ. ಒಬ್ಬನ ಮಾನ ಹೋಗಲು ಇಷ್ಟು ಜನ ಧಾರಾಳವಾಯಿತು.

"ಅಂಗಡಿದು, ಗೋಡೌನಿಂದು, ನಮ್ಮತ್ತೆ ಮನೇದು, ಎಲ್ಲಾ ಅದರಲ್ಲೇ ಇದೆ. ಸ್ಕೂಟರಿಂದೂ ಇದೆ ನೋಡು. ಕದ್ದದ್ದನ್ನ ಹೊತ್ಕೊಂಡು ನಡೀಬೇಡ, ಸೊಂಟ ಉಳುಕತ್ತೆ."

ಯಾರೋ ಕಿಸಕ್ಕನೆ ನಕ್ಕರು. ಕಿಡಿಯ ಕಿವಿಯ ತುದಿಯವರೆಗೂ ರಕ್ತ ಏರಿತು. ಇಪ್ಪತ್ತನಾಲ್ಕು ವರ್ಷದ ಅವನಿಗೆ ಆ ಹೆಸರು ಬಂದದ್ದು ಉಜ್ಜುವ ಚಕ್ರದ ಕೆಲಸದಿಂದ ಅಂತ ಯಜಮಾನರು ಹೇಳುತ್ತಿದ್ದರು. ಉಳಿದವರೆಲ್ಲ ಅವನ ಬಾಯಿಂದ ಅನ್ನುತ್ತಿದ್ದರು. ಏಳನೇ ಕ್ಲಾಸಿನಲ್ಲಿ ಮೇಷ್ಟರೊಬ್ಬರು ಎಲ್ಲರೆದುರು ಕಿವಿ ಹಿಂಡಿದರು ಅಂತ ಶಾಲೆಗೇ ಕೈಮುಗಿದು ಬಂದವನು ಅವನು.

"ನಾಲಿಗೆ ಬಿಗಿಹಿಡಿದು ಮಾತಾಡಿ ಸ್ವಾಮಿ. ನಿಮ್ಮ ಮನೆ ಹೊಸ್ತಿಲು ಯಾವ ಕಡೆಗಿದೆ ಅಂತಲೂ ನನಗೆ ಗೊತ್ತಿಲ್ಲ."

"ನೋಡಿದ್ರೇನ್ರಪ್ಪಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ!"

ಔಷಧಿ ಅಂಗಡಿಯವನ ಸಿಟ್ಟಿಗೆ ಕಾರಣವಿತ್ತು. ಹದಿನೈದು ದಿನಗಳಲ್ಲಿ ಮೂರು ಮನೆಗಳಲ್ಲಿ ಕಳವಾಗಿತ್ತು: ಇವನ ಮನೆ, ಒಬ್ಬ ಟೀಚರಮ್ಮನ ಮನೆ, ಒಬ್ಬ ದರ್ಜಿಯ ಮನೆ. ಮೂರರಲ್ಲೂ ಬೀಗ ಒಡೆದಿರಲಿಲ್ಲ, ಚಿಲಕ ಬಾಗಿರಲಿಲ್ಲ. ಹೋದವನು ಮನೆಯ ಅಳಿಯನ ಹಾಗೆ ಬಾಗಿಲು ತೆರೆದುಕೊಂಡು ಹೋಗಿ, ಮತ್ತೆ ಬೀಗ ಹಾಕಿಕೊಂಡು ಬಂದಿದ್ದ. ಆ ಮೂವರೂ ಒಂದು ವರ್ಷದ ಈಚೆ ಕೀಲಿ ಕಳೆದುಕೊಂಡು ಇದೇ ಅಂಗಡಿಯಲ್ಲಿ ಹೊಸದು ಮಾಡಿಸಿದವರು. ಅಂಗಡಿಯಲ್ಲಿ ಕೆಲಸಕ್ಕಿದ್ದವರು ಇಬ್ಬರೇ. ಒಬ್ಬ ಕಿಡಿ. ಇನ್ನೊಬ್ಬ, ಒಂಬತ್ತು ವರ್ಷದಿಂದ ಇದ್ದ ಹತ್ತಿಕೈ. ಅವನ ಕೈ ಅಷ್ಟು ಮೃದು, ಬೀಗಕ್ಕೂ ತಿಳಿಯದ ಹಾಗೆ ಬೀಗ ತೆರೆಯುತ್ತಾನೆ ಅಂತ ಆ ಹೆಸರು. ಎಂಟು ದಿನದಿಂದ ಹತ್ತಿಕೈ ಕೆಲಸಕ್ಕೆ ಬಂದಿರಲಿಲ್ಲ. ಆದರೆ ಅವನು ಹೆಚ್ಚಾಗಿ ಹೊರಗಿನ ಕೆಲಸದವನು. ಮನೆಗೆ ಒಮ್ಮೆ ಬಂದು ಹೋದ ಅವನ ಮುಖ ಜನಕ್ಕೆ ಅಷ್ಟಾಗಿ ನೆನಪಿರಲಿಲ್ಲ; ಕೌಂಟರಿನ ಹಿಂದೆ ದಿನಾ ನೋಡುತ್ತಿದ್ದ ಮುಖ ಕಿಡಿಯದು.

ಗಲಾಟೆ ಕೇಳಿ ಯಜಮಾನರು ಒಳಗಿನ ಬೆಂಚಿನಿಂದ ಎದ್ದು ಬಂದರು. ಅರವತ್ತೆಂಟರ ಮನುಷ್ಯ, ಮಂಡಿ ಸವೆದು ಎರಡು ಹೆಜ್ಜೆಗೊಮ್ಮೆ ಏನನ್ನಾದರೂ ಹಿಡಿದುಕೊಳ್ಳುತ್ತಿದ್ದರು. ಅವರು ಔಷಧಿ ಅಂಗಡಿಯವನನ್ನು ನೋಡಲಿಲ್ಲ, ಕಿಡಿಯನ್ನೂ ನೋಡಲಿಲ್ಲ. ಗೊಂಚಲನ್ನು ನೋಡಿದರು. ಅದರಲ್ಲಿ ಕೀಲಿಗಳ ನಡುವೆ ತಂತಿ ಸುತ್ತಿ ಕಟ್ಟಿದ ಎರಡು ತಗಡಿನ ತುಂಡುಗಳಿದ್ದವು.

"ಮಾದರಿ ತುಂಡು ಇನ್ನೂ ಇಟ್ಟಿದೀರಾ?"

"ಇಟ್ಟಿದೀನಿ! ಕಂಡಕಂಡವರಿಗೆಲ್ಲ ತೋರಿಸ್ತಿದ್ದೆ, ಅಂಗಡಿ ಅಂದ್ರೆ ಇದು ಅಂತ. ಮುಠ್ಠಾಳ ನಾನು."

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಕೀಲಿ ಕಳೆದುಕೊಂಡರೆ ಕೆಲಸದವನು ಅವರ ಮನೆಗೆ ಹೋಗಿ, ತಗಡಿನ ಪಟ್ಟಿಯೊಂದನ್ನು ಬೀಗದೊಳಗೆ ತೂರಿಸಿ ಮೆಲ್ಲಗೆ ತಿರುಗಿಸುತ್ತಾನೆ. ಒಳಗಿನ ಪಿನ್ನುಗಳು ಎಲ್ಲೆಲ್ಲಿ ಕಚ್ಚಿ ಗುರುತು ಬಿಡುತ್ತವೋ ಅಲ್ಲಲ್ಲಿ ಅರದಿಂದ ಉಜ್ಜುತ್ತಾನೆ. ತೂರಿಸು, ತಿರುಗಿಸು, ಉಜ್ಜು. ಇಪ್ಪತ್ತು ಸಲವೋ ಮೂವತ್ತು ಸಲವೋ ಆದ ಮೇಲೆ ಬೀಗ ಸೋತು ಬಾಯಿ ಬಿಡುತ್ತದೆ. ಆ ತಗಡೇ ಮಾದರಿ. ಅದನ್ನು ಅಂಗಡಿಗೆ ತಂದು, ಅದರಂತೆಯೇ ಹಿತ್ತಾಳೆಯಲ್ಲಿ ಗಟ್ಟಿ ಕೀಲಿ ಕೊಯ್ದು, ಗಿರಾಕಿ ಬಂದಾಗ ಅವರ ಕಣ್ಣೆದುರೇ ಮಾದರಿಯನ್ನು ಇಕ್ಕಳದಲ್ಲಿ ಹಿಡಿದು ಲಟಕ್ಕನೆ ಎರಡು ತುಂಡು ಮಾಡಿ ಅವರ ಅಂಗೈಗೇ ಹಾಕಬೇಕು. "ನಿಮ್ಮ ಮನೆ ನಿಮ್ಮ ಕೈಗೆ ಬಂತು" ಅನ್ನಬೇಕು. ಯಜಮಾನರ ಅಪ್ಪನ ಕಾಲದಿಂದ ನಡೆದು ಬಂದದ್ದು. ಆ ಲಟಕ್ ಸದ್ದನ್ನು ನಂಬಿಯೇ ಜನ ಮೂರು ಬೀದಿ ದಾಟಿ ಈ ಅಂಗಡಿಗೆ ಬರುತ್ತಿದ್ದರು.

ಯಜಮಾನರು ತಂತಿ ಬಿಚ್ಚಿ ತುಂಡುಗಳನ್ನು ದೀಪದ ಕೆಳಗೆ ಹಿಡಿದು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ತುಂಬ ಹೊತ್ತು ನೋಡಿದರು. ಮೆಟ್ಟಿಲ ಮೇಲಿನ ಜನವೂ ಕತ್ತು ಚಾಚಿದರು. ಕನ್ನಡಿ ತೆಗೆದಾಗ ಅವರ ಮುಖ ಸುಣ್ಣದ ಗೋಡೆಯಂತಾಗಿತ್ತು.

"ತಪ್ಪು ನಮ್ಮ ಅಂಗಡಿದು ಸ್ವಾಮಿ. ನಿಮ್ಮ ಮನೆಯಿಂದ ಹೋದದ್ದನ್ನ ನಾನು ತುಂಬಿಕೊಡ್ತೀನಿ."

ಔಷಧಿ ಅಂಗಡಿಯವನು ಜಗಳಕ್ಕೆ ಅಂತ ಕಟ್ಟಿಕೊಂಡು ಬಂದದ್ದೆಲ್ಲ ಬಾಯಲ್ಲೇ ಉಳಿಯಿತು. "ಅಂಗಡಿ ಅಂದ್ರೆ ಯಾರ್ರೀ? ಈ ಗೋಡೆನಾ? ಈ ಸ್ಟೂಲಾ?"

"ನಾನು."

"ಕೈಯಿಟ್ಟವನು ಯಾರು ಅಂತ ಕೇಳ್ತಿದೀನಿ."

"ಅದಕ್ಕೇ ಹೇಳ್ದೆ, ನಾನು ಅಂತ."

ಔಷಧಿ ಅಂಗಡಿಯವನು ಕಿಡಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಗೊಂಚಲು ಎತ್ತಿಕೊಂಡು ಹೋದ. ಆ ನೋಟ ಕಿಡಿಯ ಮೈಮೇಲೇ ಉಳಿಯಿತು.

ಗಿರಾಕಿಗಳು ಕರಗಿದ ಮೇಲೆ ಯಜಮಾನರು ಅವನನ್ನು ಒಳಗೆ ಕರೆದು ಭೂತಗನ್ನಡಿ ಕೊಟ್ಟರು. "ನೋಡು. ಏನು ಕಾಣತ್ತೆ?"

"ಹಲ್ಲು ಸರಿಯಾಗಿದೆ. ಅಂಚು ನಯವಾಗಿದೆ."

"ಗೀರು?"

ಕಿಡಿ ಮತ್ತೆ ನೋಡಿದ. ಮೂವತ್ತು ಸಲ ಬೀಗದೊಳಗೆ ಹೊರಳಾಡಿ ಬಂದ ತಗಡು ಜಗಳಗಂಟ ಬೆಕ್ಕಿನ ಮೂತಿಯ ಹಾಗಿರಬೇಕು. ಇದು ಹಸುಗೂಸಿನ ಉಗುರಿನಷ್ಟು ನುಣುಪಾಗಿತ್ತು.

"ಒಂದೂ ಇಲ್ಲ."

"ಬೀಗದ ಬಾಯನ್ನೇ ಕಾಣದ ತಗಡು ಇದು. ಎರಡು ಕೊಯ್ದಿದಾನೆ. ಬೀಗದೊಳಗೆ ಹೋಗಿಬಂದದ್ದನ್ನ ಜೇಬಿಗೆ ಹಾಕ್ಕೊಂಡು, ಮುರಿಯೋದಕ್ಕೆ ಅಂತಲೇ ಇನ್ನೊಂದು." ಯಜಮಾನರು ಸ್ಟೂಲಿನ ಮೇಲೆ ಕುಸಿದು ಕೂತರು. "ಐವತ್ತು ವರ್ಷ ಮುರಿಯೋದನ್ನ ಕಲಿಸಿದೆ ಕಣೋ. ಮುರಿಯೋ ಮುಂಚೆ ಗೀರು ನೋಡಿ ಅಂತ ಒಬ್ಬ ಗಿರಾಕಿಗೂ ಕಲಿಸಲಿಲ್ಲ. ನಾನೂ ನೋಡಲಿಲ್ಲ. ಅದೇ ಬೆಂಚಲ್ಲಿ, ನನ್ನ ಮೂಗಿನ ಕೆಳಗೆ."

ಕಿಡಿಗೆ ಆ ಗಳಿಗೆಯಲ್ಲಿ ಸಿಟ್ಟಿಗಿಂತ ಮೊದಲು ಬಂದದ್ದು ಬೆರಗು. ಎಂಥ ಕೈ! ಬೀಗವನ್ನೇ ತೋರಿಸದೆ, ಬರೀ ಕಣ್ಣಳತೆಯಲ್ಲಿ, ಕೂದಲೆಳೆಯಷ್ಟೂ ತಪ್ಪದ ಜೋಡಿ. ತನಗೆ ಅರ ಹಿಡಿಯಲು ಕಲಿಸಿದ ಹತ್ತಿಕೈಯ ಕೈ ಅದು.

"ಅರದ ಗೆರೆ ಯಾವ ಕಡೆ ವಾಲಿದೆ?" ಯಜಮಾನರು ಕೇಳಿದರು.

"ಬಲಕ್ಕೆ."

"ನೀನು ಎಡಗೈಯವನು. ನಿನ್ನ ಗೆರೆ ಎಡಕ್ಕೆ ವಾಲತ್ತೆ. ಇದು ನೀನಲ್ಲ ಅಂತ ನನಗೆ ಗೊತ್ತು."

"ನಿಮಗೆ ಗೊತ್ತಿದ್ದು ಯಾರಿಗೆ ಬೇಕು ಯಜಮಾನ್ರೇ? ಹೊರಗೆ ಹೇಳಿ! ಅವನನ್ನ ಕರೆದು ಹೇಳಿ, ಆ ನೊರೆ ಮುಖದವನಿಗೂ ಹೇಳಿ. ಹತ್ತಿಕೈ ಮಾಡಿದ್ದು, ಕಿಡಿ ಅಲ್ಲ ಅಂತ. ಒಂದೇ ಮಾತು."

"ಪೊಲೀಸರಿಗೆ ಹೇಳ್ತೀನಿ. ಈಗಲೇ ಹೋಗಿ ಹೆಸರು, ಊರು, ಮುಖದ ಚಹರೆ, ಎಲ್ಲಾ ಬರೆಸ್ತೀನಿ. ಹಿಡಿಯೋದು ಅವರ ಕೆಲಸ. ಗಿರಾಕಿ ಮುಂದೆ ಹೇಳಲ್ಲ."

"ಯಾಕೆ?"

"ಅವರು ಬೀಗ ಕೊಟ್ಟದ್ದು ಅವನ ಮುಖ ನೋಡಿ ಅಲ್ಲ. ನಮ್ಮ ಬೋರ್ಡು ನೋಡಿ."

"ಬೋರ್ಡಿಗೇನು, ಅದು ಗೋಡೆ ಮೇಲೆ ನೇತಾಡ್ಕೊಂಡಿರತ್ತೆ. ಬೀದೀಲಿ ನಡೆಯೋನು ನಾನು! ಕೀಲಿ ಕೆಲಸದವನಿಗೆ ಒಂದು ಸಲ ಕಳ್ಳ ಅಂತ ಅಂಟಿದ್ರೆ ಮುಗೀತು. ಕುರುಡನೂ ನನ್ನ ಕೈಗೆ ಬೀಗ ಕೊಡಲ್ಲ."

ಯಜಮಾನರು ಚಪ್ಪಲಿ ಮೆಟ್ಟಿ ಠಾಣೆಗೆ ಹೊರಟರು. ಕಿಡಿ ಅರವನ್ನು ಬೆಂಚಿನ ಮೇಲೆ ಕುಕ್ಕಿದ. ಸಂಜೆಗೆ ಕೆಲಸ ಬಿಟ್ಟು ಹೋಗುವುದೆಂದು ಆಗಲೇ ತೀರ್ಮಾನಿಸಿದ್ದ.

ಮಧ್ಯಾಹ್ನ, ಯಜಮಾನರು ಠಾಣೆಯಿಂದ ಬರುವ ಹೊತ್ತಿಗೆ ಅವರ ಹೆಂಡತಿಯ ತಮ್ಮ ಬಂದು ಕಾಯುತ್ತಿದ್ದ. ವಕೀಲ. ಕಪ್ಪು ಕೋಟನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಕಬ್ಬಿಣದ ಪುಡಿ ತಾಗದ ಹಾಗೆ ಸ್ಟೂಲಿನ ತುದಿಯಲ್ಲಿ ಕೂತಿದ್ದ.

"ಭಾವ, ಏನೇನೋ ಒಪ್ಕೊಂಡ್ರಂತೆ? ಅಕ್ಕ ಫೋನಲ್ಲಿ ಅಳ್ತಿದ್ಲು. ಕಾನೂನು ಕೇಳಿ. ಆಳು ಮಾಲೀಕನ ಕೆಲಸ ಮಾಡ್ತಾ ಮಾಡ್ತಾ ಕದ್ರೆ ಮಾಲೀಕ ತಲೆ ಕೊಡಬೇಕು, ನಿಜ. ಆದ್ರೆ ಅವನು ಮೂರು ಮನೆಗೂ ಹೋಗಿರೋದು ಭಾನುವಾರ. ಅಂಗಡಿ ಮುಚ್ಚಿತ್ತು. ಅವನ ರಜಾ, ಅವನ ಕಾಲು, ಅವನ ಬುದ್ಧಿ. ನಿಮಗೂ ಅದಕ್ಕೂ ಏನು? ಎತ್ತಿಗೆ ಜ್ವರ ಬಂದ್ರೆ ಎಮ್ಮೆ ತಾನಾಗೇ ಬಂದು ಬರೆ ಹಾಕಿ ಅಂದ ಹಾಗಾಯ್ತು."

"ಅವನು ಕದ್ದದ್ದು ಭಾನುವಾರ ಅಲ್ಲ."

"ಮತ್ತೆ?"

"ಎರಡನೇ ತಗಡು ಕೊಯ್ದನಲ್ಲ, ಆಗ. ಯಾವುದೋ ಒಂದು ಮಂಗಳವಾರ ಬೆಳಿಗ್ಗೆ. ನನ್ನ ಬೆಂಚು, ನನ್ನ ಅರ, ನನ್ನ ತಗಡು. ನಾನು ಇಲ್ಲೇ ಕೂತು ಟೀ ಕುಡೀತಿದ್ದೆ. ಭಾನುವಾರ ಹೋಗಿದ್ದು ಬರೀ ತರೋಕೆ."

ವಕೀಲ ತಲೆ ಚಚ್ಚಿಕೊಂಡ. "ಕೋರ್ಟಲ್ಲಿ ನೀವೇ ಹೀಗೆ ಹೇಳಿದ್ರೆ ನಿಮ್ಮ ವಿರುದ್ಧ ವಕೀಲನೇ ಬೇಕಾಗಲ್ಲ."

"ಹಾಗಾದ್ರೆ ಅಷ್ಟು ಖರ್ಚು ಉಳೀತು."

ಕಿಡಿಗೆ ನಗು ಬಂತು, ಸಿಟ್ಟಿನ ನಡುವೆಯೇ. ವಕೀಲನಿಗೆ ಬರಲಿಲ್ಲ. ಮುಪ್ಪಿಗೆ ಅಂತ ಇಟ್ಟುಕೊಂಡ ಒಂದು ತುಂಡು ಜಾಗವನ್ನು ಮಾರಿ ಮೂರು ಮನೆಗೂ ತುಂಬಿಕೊಡಲು ಕಾಗದ ಬರೆ ಅಂದಾಗ ಅವನು ಕೋಟು ಕೊಡವಿಕೊಂಡು ಎದ್ದ. "ಮೂರು ಮನೆಗಲ್ವಾ, ಅಷ್ಟಕ್ಕೆ ಮುಗೀತಲ್ಲ?"

"ಮೂರು ಕಳವಾದವು. ತಗಡು ಎಷ್ಟು ಇಟ್ಕೊಂಡಿದಾನೋ ಯಾರಿಗೆ ಗೊತ್ತು?" ಯಜಮಾನರು ಹೇಳಿದರು. "ಅವನು ಮಾದರಿ ತೆಗೆದ ಮನೆಗಳಿಗೆಲ್ಲ ಹೋಗಿ ಬೀಗದ ಪಿನ್ನು ಬದಲಾಯಿಸಬೇಕು. ಒಂಬತ್ತು ವರ್ಷದ್ದೂ."

ಅಂಗಡಿಯಲ್ಲಿ ವಿಳಾಸಗಳೇ ಇರಲಿಲ್ಲ. ಕೀಲಿ ಮತ್ತು ವಿಳಾಸ ಒಂದೇ ಕಡೆ ಇರಬಾರದು ಅನ್ನುವುದು ಅಲ್ಲಿನ ಇನ್ನೊಂದು ಪದ್ಧತಿ. ಪುಸ್ತಕ ಕಳ್ಳನ ಕೈಗೆ ಸಿಕ್ಕರೆ ಊರೇ ಅವನ ಕೈಗೆ ಸಿಕ್ಕ ಹಾಗೆ. ವಕೀಲ ಹೋದ ಮೇಲೆ ಕಿಡಿ ಅದನ್ನೇ ಕೇಳಿದ, ಕೊಂಕಾಗಿ. "ಯಾವ ಮನೆ ಅಂತ ಹೋಗ್ತೀರಾ? ತಮಟೆ ಹೊಡೆಸ್ತೀರಾ?"

"ಬರ್ಕೋ" ಅಂದರು ಯಜಮಾನರು.

ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಮೆಲ್ಲಗೆ ಎಳೆಯತೊಡಗಿದರು, ನಡುವೆ ಒಂದು ಕೀಲಿ ಇರುವ ಹಾಗೆ. ಅಂಗಡಿಯಿಂದ ಹೋಗುವ ಪ್ರತಿ ಹಿತ್ತಾಳೆ ಕೀಲಿಯ ಅಂಚನ್ನೂ ಕೊನೆಗೆ ಸವರಿ ನುಣುಪು ಮಾಡುವುದು ಅವರ ಕೈ. ಸವರುವಾಗ, ಬಾಗಿಲು ಯಾವುದು, ಹೇಗೆ ತೆರೆಯುತ್ತದೆ ಅಂತ ಕೆಲಸದವನನ್ನು ಕೇಳುವುದು ಅವರ ಅಭ್ಯಾಸ.

"ಎತ್ತರ, ತಗ್ಗು, ತಗ್ಗು, ನಡು, ಎತ್ತರ. ಹಸಿರು ಬಾಗಿಲು. ಬಸ್ ಡಿಪೋ ಹಿಂದಿನ ರಸ್ತೆ, ಎರಡನೇ ಮಹಡಿ. ಮಳೆ ಬಂದ್ರೆ ಬಾಗಿಲು ಹಿಗ್ಗತ್ತೆ, ಎತ್ತಿ ತಿರುಗಿಸಬೇಕು." ಬೆರಳು ಮತ್ತೆ ಎಳೆಯಿತು. "ತಗ್ಗು, ನಡು, ಎತ್ತರ, ಎತ್ತರ, ತಗ್ಗು. ಗಿರಣಿ ಪಕ್ಕದ ಓಣಿ. ಒಳಗೆ ನಾಯಿ ಇದೆ, ಕಚ್ಚಲ್ಲ, ಬೊಗಳತ್ತೆ. ಹೆಂಗಸು ಒಬ್ಬಳೇ ಇರೋದು. ಇದನ್ನ ಮೊದಲು ಮಾಡಬೇಕು."

ಮೊದಮೊದಲು ಕಿಡಿ ಸೊಟ್ಟ ಅಕ್ಷರದಲ್ಲಿ ಬೇಕೋ ಬೇಡವೋ ಅಂತ ಗೀಚುತ್ತಿದ್ದ. ಇಪ್ಪತ್ತು ಆಯಿತು. ನಲವತ್ತು ಆಯಿತು. ಪೆನ್ನು ಹಿಡಿದ ಬೆರಳು ನೋಯತೊಡಗಿತು. ಎಪ್ಪತ್ತಾದಾಗ ಅವನು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿ ಆ ಮುಖವನ್ನೇ ನೋಡಿದ. ಮುಚ್ಚಿದ ರೆಪ್ಪೆಗಳ ಹಿಂದೆ ಮುದುಕ ಊರಿನ ಬೀದಿಗಳಲ್ಲಿ ನಡೆಯುತ್ತಿದ್ದ, ಒಂದೊಂದು ಬಾಗಿಲಿಗೂ ಕೈ ಹಚ್ಚುತ್ತಿದ್ದ. ಏಳು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದರೂ ಆ ತಲೆಯೊಳಗೆ ಒಂದು ಊರೇ ಬೀಗ ಹಾಕಿಕೊಂಡು ಮಲಗಿದೆ ಅಂತ ಅವನಿಗೆ ಗೊತ್ತಿರಲಿಲ್ಲ.

"ಯಾಕೆ ನಿಲ್ಲಿಸಿದೆ?"

"ಏನಿಲ್ಲ. ಹೇಳಿ."

ನೂರ ಹದಿನೆಂಟಕ್ಕೆ ಬೆರಳು ನಿಂತಿತು. ಸಂಜೆ ಕೆಲಸ ಬಿಡುವುದನ್ನು ಕಿಡಿ ನಾಳೆಗೆ ಮುಂದೂಡಿದ. ಮಂಡಿ ನೋವಿನ ಮುದುಕ ಅಷ್ಟು ಮಹಡಿ ಹೇಗೆ ಹತ್ತುತ್ತಾನೆ ಅನ್ನುವುದನ್ನಾದರೂ ನೋಡಿಯೇ ಬಿಡೋಣ ಅಂತ.

ಗಿರಣಿ ಓಣಿಯ ಒಂಟಿ ಹೆಂಗಸಿನ ಮನೆ ಮುಗಿಸಿ ಅವರು ಹೋದದ್ದು ಹಸಿರು ಬಾಗಿಲಿಗೆ. ಚಾಳೀಸು ಹಾಕಿಕೊಂಡ ಮುದುಕರೊಬ್ಬರು ತೆರೆದರು.

ಯಜಮಾನರು ಟೋಪಿ ತೆಗೆದರು. "ನಾವು ಬೀಗದ ಅಂಗಡಿಯವರು. ನಿಮ್ಮ ಮನೆ ಕೀಲಿಯ ಮಾದರಿ ನಮ್ಮ ಅಂಗಡಿಯಿಂದ ಕಳವಾಗಿರಬಹುದು. ತಪ್ಪು ನಮ್ಮದು. ಬೀಗ ಬದಲಾಯಿಸೋಕೆ ಬಂದಿದೀವಿ, ದುಡ್ಡು ಬೇಡ."

ಮುದುಕರು ಚಾಳೀಸಿನ ಮೇಲಿಂದ ಇಬ್ಬರನ್ನೂ ನೋಡಿದರು. "ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ್ರಿ."

"ಹೌದು."

"ನೀವು ಬಂದು ಹೇಳದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?"

"ಇಲ್ಲ."

ಆ 'ಇಲ್ಲ'ದ ಹಿಂದೆ ಇನ್ನೊಂದು ಮಾತು ಬರುತ್ತದೆ ಅಂತ ಕಿಡಿ ಕಾದ. ಆದರೆ, ಯಾಕೆಂದರೆ, ಹಾಗಾಗಿ. ಏನೂ ಬರಲಿಲ್ಲ. ಮುದುಕರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಯಜಮಾನರು ಬಾಗಿಲ ಮುಂದೆ ಚೀಲ ಹಾಸಿ, ಗೋಡೆ ಹಿಡಿದು, ಹಲ್ಲು ಕಚ್ಚಿ ಮಂಡಿಯೂರಿದರು. ಬೀಗದ ಗುಂಡಿಗೆಯನ್ನು ಹೊರಗೆಳೆದು ಕರವಸ್ತ್ರದ ಮೇಲೆ ಬಿಚ್ಚಿದರು. ಅಕ್ಕಿಕಾಳಿನಷ್ಟು ಪಿನ್ನುಗಳು, ರೆಪ್ಪೆಯ ಕೂದಲಿನಷ್ಟು ಸ್ಪ್ರಿಂಗುಗಳು. ಕಿಡಿ ಇಂಥವನ್ನು ಸಾವಿರ ಸಲ ನೋಡಿದ್ದ. ಆದರೂ ಆ ಹೊತ್ತು, ಒಂದು ಮನೆಯ ನಿದ್ದೆಯೆಲ್ಲ ಈ ಐದು ಕಾಳುಗಳ ಮೇಲೆ ನಿಂತಿದೆ ಅನ್ನಿಸಿ ಉಸಿರು ಬಿಗಿಹಿಡಿದ, ಎಲ್ಲಿ ಹಾರಿ ಹೋದಾವೋ ಅಂತ. ಯಜಮಾನರು ಅವುಗಳ ಸ್ಥಾನ ಬದಲಿಸಿ, ಎರಡನ್ನು ತೆಗೆದು ಹೊಸದು ಹಾಕಿ, ಹೊಸ ಕೀಲಿ ಕೊಯ್ದು, ಹಳೆಯದನ್ನು ತೂರಿಸಿ ತೋರಿಸಿದರು. ತಿರುಗಲಿಲ್ಲ. "ಹಳೇದು ಯಾರ ಕೈಲಿದ್ರೂ ಇನ್ನು ಕಸ" ಅಂದರು.

ಎಲ್ಲ ಬಾಗಿಲೂ ಹಾಗಿರಲಿಲ್ಲ. ಒಬ್ಬ ಮುಖದ ಮೇಲೇ ಬಾಗಿಲು ಹಾಕಿದ. ಯಜಮಾನರು ಮೆಟ್ಟಿಲ ಮೇಲೆ ಕೂತರು, ಮೂರು ಗಂಟೆಯ ನಂತರ ಅವನು ಕಸ ಹಾಕಲು ಹೊರಗೆ ಬಂದವನು, "ಇನ್ನೂ ಇಲ್ಲೇ ಇದೀರಾ?" ಅಂತ ಬೆಚ್ಚಿಬಿದ್ದ. ಒಬ್ಬ ಮುದುಕಿ ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಇನ್ನೇನಿದೆ ಅಂತ ಕೆಲಸ ಮುಗಿಯುವವರೆಗೂ ಬೈದು, ಕೊನೆಗೆ ಯಜಮಾನರಿಗೆ ಏಳಲಾಗದ್ದು ಕಂಡು ತಾನೇ ರಟ್ಟೆ ಹಿಡಿದು ಎಬ್ಬಿಸಿದಳು.

ಹತ್ತನೆಯ ದಿನ ಕಿಡಿ ತಡೆಯಲಾರದೆ ಹೋದ. ಎಳೆಗೂಸನ್ನು ಎತ್ತಿಕೊಂಡ ತಾಯಿಯೊಬ್ಬಳು ಅವನ ಮುಖವನ್ನೇ ನೋಡುತ್ತಿದ್ದಳು. "ನಾನಲ್ಲಮ್ಮ" ಅಂದುಬಿಟ್ಟ. "ಇನ್ನೊಬ್ಬನಿದ್ದ. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ನಿಮ್ಮನೆಗೆ ಬಂದಿದ್ದನಲ್ಲ, ಅವನೇ."

ಅವಳ ಕಣ್ಣು ದೊಡ್ಡದಾಯಿತು. "ಅವನಾ? ಮಗೂಗೆ ಆಟ ಆಡಿಸಿದ್ನಲ್ಲ... ಒಳಗೆಲ್ಲ ಓಡಾಡಿದ್ನಲ್ಲ..." ಮಗುವನ್ನು ಅವುಚಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ, ಹೊಸ ಕೀಲಿಯನ್ನು ಬಾಗಿಲ ಸಂದಿಯಿಂದ ಕೈ ಚಾಚಿ ತೆಗೆದುಕೊಂಡಳು.

ಬೀದಿಗೆ ಇಳಿದ ಮೇಲೆ ಯಜಮಾನರು ಬೈಯುತ್ತಾರೆ ಅಂತ ಕಿಡಿ ಕಾದ. ಅವರು ದೀಪದ ಕಂಬ ಹಿಡಿದು ನಿಂತು ಮಂಡಿ ಉಜ್ಜಿಕೊಂಡರು.

"ನಾವು ಹೋದದ್ದು ಅವಳಿಗೆ ಬೀಗ ಕೊಡೋಕೆ. ನೀನು ಒಂದು ಮುಖ ಕೊಟ್ಟು ಬಂದೆ. ಇನ್ನು ಅವಳು ಬಾಗಿಲು ತೆಗೆದಾಗೆಲ್ಲ ಆ ಮುಖ."

"ಮತ್ತೆ ನನ್ನ ಮುಖ? ಅದಕ್ಕೆ ಮಸಿ ಬಳ್ಕೊಂಡೇ ಇರಲಾ?"

"ನಿನ್ನದು ದೊಡ್ಡ ನಷ್ಟ ಕಣೋ. ನನಗೆ ಗೊತ್ತು. ಅದನ್ನ ತುಂಬಿಕೊಡೋಕೆ ನನ್ನ ಹತ್ರ ಜಾಗ ಇಲ್ಲ, ಮಾರೋಣ ಅಂದ್ರೆ." ಅವರು ಕಂಬ ಬಿಟ್ಟು ನೇರ ನಿಂತರು. "ಆದ್ರೆ ಅವನ ಹೆಸರು ಹೇಳಿದ ತಕ್ಷಣ ಏನಾಗತ್ತೆ ನೋಡು. ಜನ ಅವನನ್ನ ಬೈತಾರೆ, ನಮ್ಮನ್ನ ಬಿಟ್ಟುಬಿಡ್ತಾರೆ. ಪಾಪ, ನೀವೇನು ಮಾಡ್ತೀರಿ ಅಂತಾರೆ. ಆ 'ಪಾಪ' ಅನ್ನೋದು ಕಿವಿಗೆ ಬಿದ್ದ ದಿನ ನಾನು ಮೆಟ್ಟಿಲು ಹತ್ತೋದು ನಿಲ್ಲಿಸ್ತೀನಿ. ಅಷ್ಟು ದೊಡ್ಡ ಮನುಷ್ಯ ಅಲ್ಲ ನಾನು. ಅದಕ್ಕೇ ಅದು ನನ್ನ ಕಿವಿಗೆ ಬೀಳೋದು ಬೇಡ."

ಕಿಡಿ ಚೀಲ ಎತ್ತಿಕೊಂಡು ಅವರ ಹಿಂದೆ ನಡೆದ.

ಮನೆಯಲ್ಲೂ ಗಾಳಿ ಬದಲಾಗಿತ್ತು. ಅಣ್ಣ ಬಸ್ ಡ್ರೈವರ್. ಅವರಿದ್ದ ಕಟ್ಟಡದ ನಾಲ್ಕು ಬಾಗಿಲುಗಳಲ್ಲಿ ಹೊಸದಾಗಿ ಎರಡೆರಡು ಬೀಗ ನೇತಾಡತೊಡಗಿದ್ದವು. "ಎಲ್ಲ ನಿನ್ನ ಮರ್ಯಾದೆಗೆ ಕಣೋ ಮೈದುನ" ಅಂದಳು ಅತ್ತಿಗೆ, ತಟ್ಟೆ ಇಡುತ್ತ. "ಕಂಡಕ್ಟರ್ ಮನೆಯವರಂತೂ ನನ್ನ ತಲೆ ಗಾತ್ರದ ಬೀಗ ತಂದಿದಾರೆ."

"ಆ ಬೀಗಕ್ಕೆ ನಿನ್ನ ತಲೆಪಿನ್ನು ಸಾಕು ಅತ್ತಿಗೆ."

"ಹಾಗಂತ ಹೊರಗೆ ಹೇಳಬೇಡ ಮಾರಾಯ!" ಅವಳು ನಕ್ಕ ಮೇಲೆ ನಗು ನಿಲ್ಲಿಸಿದಳು. "ನೀನಲ್ಲ ಅಂತ ನಿಮ್ಮ ಯಜಮಾನ್ರು ಒಂದು ಮಾತು ಹೇಳಬಾರದಾ? ನಿನ್ನಣ್ಣ ಡಿಪೋದಲ್ಲಿ ಯಾರ ಜೊತೆಗೋ ಕೈ ಮಾಡಿ ಬಂದಿದಾನೆ."

ಕಿಡಿ ಕೈಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. ಹೇಳಬಹುದು. ಹೇಳುವ ಹಕ್ಕು ಇದೆ. ಮಾರನೆಯ ಬೆಳಿಗ್ಗೆ ಮತ್ತೆ ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿರಲಿಲ್ಲ; ಮಂಡಿ ಮಡಿಸುವಾಗ ಆ ಮುಖ ಹೇಗೆ ಕಿವುಚಿಕೊಳ್ಳುತ್ತದೆ, ಪಿನ್ನುಗಳು ಕರವಸ್ತ್ರಕ್ಕೆ ಇಳಿದ ಕೂಡಲೇ ಅದೇ ಮುಖ ಹೇಗೆ ಬೆಳಗುತ್ತದೆ ಅನ್ನುವುದನ್ನು ನೋಡದೆ ಇರಲಾಗುತ್ತಿರಲಿಲ್ಲ.

ಎಪ್ಪತ್ತಮೂರನೆಯ ಬಾಗಿಲಿನಲ್ಲಿ ಯಜಮಾನರ ಮಂಡಿ ಕೈಕೊಟ್ಟಿತು. ಡಾಕ್ಟರು ಒಂದು ತಿಂಗಳು ಮಂಚ ಬಿಟ್ಟು ಇಳಿಯಬಾರದು ಅಂದರು. ಯಜಮಾನರು ಉಳಿದ ಪಟ್ಟಿಯನ್ನು ಕಿಡಿಯ ಕೈಗಿಟ್ಟರು. ಹೀಗೆ ಹೇಳು, ಹಾಗೆ ಹೇಳು ಅಂತ ಒಂದು ಮಾತೂ ಆಡಲಿಲ್ಲ. "ಆದ ಮನೆಯ ಸಾಲನ್ನ ಹರಿದು ಹಾಕ್ತಾ ಹೋಗು" ಅಂದರು, ಅಷ್ಟೇ.

ಒಬ್ಬನೇ ಹೋಗತೊಡಗಿದ ಮೇಲೆ ಕಿಡಿಗೆ ತಿಳಿದದ್ದು, ಹೊಸ್ತಿಲಲ್ಲಿ ಯಜಮಾನರು ಹೇಳುತ್ತಿದ್ದ ಆ ನಾಲ್ಕು ವಾಕ್ಯ ಎಷ್ಟು ಭಾರ ಅಂತ. ತಪ್ಪು ನಮ್ಮದು. ಮೊದಲ ದಿನ ಅದು ಗಂಟಲಿಂದ ಮುಳ್ಳಿನ ಹಾಗೆ ಬಂತು. ಏನೂ ಕದಿಯದ ತಾನು ಅದನ್ನು ಹೇಳುತ್ತಿದ್ದೇನಲ್ಲ ಅಂತ ಮೈ ಉರಿಯಿತು. ಹತ್ತು ಮನೆ ದಾಟುವ ಹೊತ್ತಿಗೆ ಉರಿ ಇತ್ತು, ಮುಳ್ಳು ಇರಲಿಲ್ಲ.

ತೊಂಬತ್ತೊಂದನೆಯದು ನಾಲ್ಕನೇ ಮಹಡಿ, ಉದ್ದ ಮೊಗಸಾಲೆಯ ಕೊನೆಯ ಬಾಗಿಲು. ನರ್ಸೊಬ್ಬಳು ಯೂನಿಫಾರ್ಮಿನಲ್ಲೇ ಬಾಗಿಲು ತೆರೆದಳು, ಬಾಯಲ್ಲಿ ಹೇರ್‌ಪಿನ್ನು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಕಿಡಿ ಹೇಳಬೇಕಾದ್ದು ಹೇಳಿದ. ಅವಳು ಪಿನ್ನು ತೆಗೆದಳು.

"ಗೊತ್ತು. ನಮ್ಮಕ್ಕನ ಮನೆಗೆ ನಿಮ್ಮ ಯಜಮಾನ್ರು ಹೋಗಿದ್ರಂತೆ. ಎಷ್ಟು ಹೊತ್ತು ಹಿಡಿಯತ್ತೆ?"

"ಮುಕ್ಕಾಲು ಗಂಟೆ."

"ಅಯ್ಯೋ, ನನಗೆ ಡ್ಯೂಟಿಗೆ ಹತ್ತು ನಿಮಿಷ ಇದೆ." ಅವಳು ಇನ್ನೊಂದು ಚಪ್ಪಲಿ ಮೆಟ್ಟಿದಳು, ಚೀಲ ಎತ್ತಿಕೊಂಡಳು. "ನೀನು ಮಾಡ್ತಿರು. ಆದ ಮೇಲೆ ಬಾಗಿಲು ಹಾಕಿ ಎದುರುಮನೆ ಅಂಕಲ್ ಹತ್ರ ಕೀಲಿ ಕೊಟ್ಟು ಹೋಗು. ನೀರು ಬೇಕಾದ್ರೆ ಅಡುಗೆಮನೇಲಿದೆ."

"ಅಮ್ಮಾ, ಮನೇಲಿ ಯಾರೂ..."

"ಯಾರೂ ಇಲ್ಲ" ಅಂದವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಕಿಡಿ ತೆರೆದ ಬಾಗಿಲ ಮುಂದೆ ಒಬ್ಬನೇ ನಿಂತ. ಒಳಗೆ ಮಂಚದ ಮೇಲೆ ಮಡಿಸದ ಬಟ್ಟೆ, ಕುರ್ಚಿಯ ಮೇಲೆ ಬಿಚ್ಚಿಟ್ಟ ಕೈಗಡಿಯಾರ, ಅರೆತೆರೆದ ಕಪಾಟು. ಅವಳು ತನ್ನ ಹೆಸರನ್ನೂ ಕೇಳಿರಲಿಲ್ಲ. ಅವಳ ಕಣ್ಣು ನೋಡಿದ್ದು ಒಮ್ಮೆ, ಅವನ ಹೆಗಲ ಚೀಲದ ಮೇಲೆ ಬರೆದಿದ್ದ ಅಂಗಡಿಯ ಹೆಸರನ್ನು. ಕಳ್ಳನನ್ನು ಸಾಕಿದ ಅಂಗಡಿ ಅಂತ ಊರೆಲ್ಲ ಉಗಿದ ಅದೇ ಹೆಸರನ್ನು. ಅವನ ಮೈಯ ರೋಮವೆಲ್ಲ ಎದ್ದು ನಿಂತಿತು. ನಾನಲ್ಲ, ಅವನು ಅಂತ ನೂರು ಬಾಗಿಲಲ್ಲಿ ಕೂಗಿದ್ದರೂ ಇದು ಸಿಗುತ್ತಿರಲಿಲ್ಲ. ಒಬ್ಬ ಮುದುಕ ಎಪ್ಪತ್ತಮೂರು ಹೊಸ್ತಿಲುಗಳಲ್ಲಿ ಮಂಡಿಯೂರಿ ಇದನ್ನು ಮತ್ತೆ ಕೂಡಿಸಿಟ್ಟಿದ್ದ, ಕಾಳು ಕಾಳಾಗಿ.

ಅವನು ಚೀಲ ಹಾಸಿ ಮಂಡಿಯೂರಿದ. ಒಳಗೆ ಕಾಲಿಡಲಿಲ್ಲ. ಬಾಯಾರಿದರೂ ನೀರಿಗೆ ಏಳಲಿಲ್ಲ.

ಕೆಲಸ ಮುಗಿಸಿ, ಬಾಗಿಲು ಹಾಕಿ, ಎರಡು ಸಲ ಎಳೆದು ನೋಡಿ, ಎದುರುಮನೆಯ ಗಂಟೆ ಒತ್ತಿದ. ಅಲ್ಲಿದ್ದವರು ನಿವೃತ್ತ ರೈಲ್ವೆ ಟಿಕೆಟ್ ಕಲೆಕ್ಟರು. ಮುಖ ನೋಡಿಯೇ ಟಿಕೆಟ್ಟಿಲ್ಲದವನನ್ನು ಹಿಡಿಯುತ್ತಿದ್ದೆ ಅಂತ ಹೆಮ್ಮೆಪಡುವ ಮನುಷ್ಯ. ಸದ್ದು ಕೇಳಿ ಪಕ್ಕದ ಮನೆಗಳಿಂದಲೂ ಮೂವರು ನಾಲ್ವರು ಮೊಗಸಾಲೆಗೆ ಬಂದರು.

"ಬೀಗದ ಅಂಗಡಿಯವನಾ? ಬಾ, ಕೂತ್ಕೊ" ಅಂದರು ಕೀಲಿ ತೆಗೆದುಕೊಳ್ಳುತ್ತ. "ಆಗ್ಲಿಂದ ನೋಡ್ತಿದೀನಿ. ಬಾಗಿಲು ಹಾ ಅಂತ ತೆರೆದಿತ್ತು, ನೀನು ಒಳಗೆ ಒಂದು ಹೆಜ್ಜೆ ಇಡಲಿಲ್ಲ. ನಲವತ್ತು ವರ್ಷ ಮುಖ ಓದಿದವನು ನಾನು. ಕದ್ದೋನು ನೀನಲ್ಲ."

ಎರಡು ತಿಂಗಳಿಂದ ಅವನು ಕೇಳಬೇಕೆಂದಿದ್ದ ಮಾತು. ಕಿಡಿಯ ಕಣ್ಣು ಮಂಜಾಯಿತು.

"ಓಡಿಹೋದ ಆ ಇನ್ನೊಬ್ಬ ಅಲ್ವಾ?" ಅವರು ದನಿ ತಗ್ಗಿಸಿದರು, ಪ್ರೀತಿಯಿಂದಲೇ. "ಯಾಕಪ್ಪ ಸುಮ್ಮನೆ ನೀನು ತಲೆ ತಗ್ಗಿಸ್ಕೊಂಡು ತಿರುಗ್ತೀಯಾ? ಒಂದು ಮಾತು ಹೇಳು. ಇವರೆಲ್ಲ ಇದಾರೆ, ಕೇಳಿಸ್ಕೊಳ್ತಾರೆ. ನಾಳೆ ಹೊತ್ತಿಗೆ ಇಡೀ ಊರಿಗೆ ಗೊತ್ತಾಗೋ ಹಾಗೆ ನಾನು ಮಾಡ್ತೀನಿ. ಅವನೇ ತಾನೆ? ಹೂಂ ಅನ್ನು, ಸಾಕು."

ಮೊಗಸಾಲೆಯ ಜನ ಹತ್ತಿರ ಸರಿದರು. ಒಬ್ಬಾಕೆ ಆಗಲೇ ಪಾಪ ಅನ್ನಲು ತುಟಿ ಕೂಡಿಸಿದ್ದಳು. ಬರೀ ಹೂಂ. ಬಾಯಿ ತೆರೆಯುವುದೂ ಬೇಕಿರಲಿಲ್ಲ.

ಕಿಡಿ ಬಗ್ಗಿ ಅರವನ್ನು, ಇಕ್ಕಳವನ್ನು, ಕರವಸ್ತ್ರವನ್ನು ಚೀಲಕ್ಕೆ ಹಾಕಿದ. ಜೇಬಿನಿಂದ ಪಟ್ಟಿ ತೆಗೆದು ತೊಂಬತ್ತೊಂದನೆಯ ಸಾಲನ್ನು ಹರಿದು, ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ತೊಂಬತ್ತೆರಡು ಎರಡು ಬೀದಿ ಆಚೆ, ಹಾಲಿನ ಬೂತಿನ ಮೇಲಿನ ಮನೆ. ಟಿಕೆಟ್ ಕಲೆಕ್ಟರಿಗೆ ಕೈಮುಗಿದ. ಜನ ದಾರಿ ಬಿಟ್ಟರು. ಚೀಲವನ್ನು ಹೆಗಲಿಗೆ ಏರಿಸಿ ಅವನು ಮೆಟ್ಟಿಲಿಳಿದು ಹೋದ.